ಹಿತ್ತಲಿನ ಹಕ್ಕಿಗಳು: ಮಲೆನಾಡಿನ ವಸಂತದಲ್ಲಿ ಹಕ್ಕಿ ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ಪಂಚಾಂಗದ ಲೆಕ್ಕದಲ್ಲಿ ಚೈತ್ರ ಮತ್ತು ವೈಶಾಖ ವಸಂತದ ತಿಂಗಳುಗಳು. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಬಾಳೆಹೊನ್ನೂರು, ಕೊಪ್ಪದ ಕಡೆಯ ಹಕ್ಕಿಗಳು ಯುಗಾದಿಯವರೆಗೆ ಕಾಯುವುದಿಲ್ಲ. ಕಾಫಿ ಕೊಯ್ಲು ಮುಗಿಯುತ್ತಾ ಬರುವ ಫೆಬ್ರವರಿಯಲ್ಲೇ ಹಾಲುವಾಣದ ಮರಗಳು ಎಲೆ ಉದುರಿಸಿ ಕೆಂಪು ಹೂವು ಹೊತ್ತು ನಿಂತಿರುತ್ತವೆ, ಬೆಳಗಿನ ಜಾವ ಮಡಿವಾಳ ಹಕ್ಕಿಯ ಹಾಡು ದಿನದಿಂದ ದಿನಕ್ಕೆ ಉದ್ದವಾಗುತ್ತಿರುತ್ತದೆ. ಅಲ್ಲಿಂದ ಮೃಗಶಿರ ಮಳೆ ಹಿಡಿಯುವ ಜೂನ್ ಮೊದಲ ವಾರದವರೆಗಿನ ಅವಧಿಯೇ ಈ ಮಾರ್ಗದರ್ಶಿಯ ವ್ಯಾಪ್ತಿ.

ಹಕ್ಕಿ ನೋಡಲು ಭದ್ರಾ ಅಭಯಾರಣ್ಯಕ್ಕೋ ಮುಳ್ಳಯ್ಯನಗಿರಿಯ ಶೋಲಾ ಕಾಡಿಗೋ ಹೋಗಬೇಕು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅಲ್ಲಿಗೆ ಹೋಗುವುದು ಒಳ್ಳೆಯದೇ. ಆದರೆ ಹಕ್ಕಿಯ ಬದುಕನ್ನು ತಿಳಿಯಬೇಕೆಂದರೆ ಒಂದೇ ಜಾಗವನ್ನು, ಸಾಧ್ಯವಾದಷ್ಟೂ ಒಂದೇ ಹೊತ್ತಿನಲ್ಲಿ, ಇಡೀ ಋತು ನೋಡಬೇಕು. ಅದಕ್ಕೆ ಮನೆಯ ಹಿತ್ತಲಿಗಿಂತ ಒಳ್ಳೆಯ ಜಾಗವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಳಗಿನ ಹಂತಗಳೆಲ್ಲವೂ ಈ ಒಂದು ಮಾತಿನ ಸುತ್ತಲೇ ಇವೆ.

ಹಂತ 1: ಋತುವಿನ ಲೆಕ್ಕ ಹಿಡಿಯುವುದು

ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗಿನ ಕಾಲ ಹೂವಿನದು. ಹಾಲುವಾಣ, ಬೂರುಗ, ಬಯಲಿನ ಕಡೆಗೆ ಮುತ್ತುಗ, ಆಮೇಲೆ ತೋಟದ ಸಿಲ್ವರ್ ಓಕ್ ಮರಗಳು ಒಂದಾದ ಮೇಲೊಂದರಂತೆ ಹೂವಾಗುತ್ತವೆ. ಎಲೆಯಿಲ್ಲದ ಮರದಲ್ಲಿ ಹೂವಿದ್ದರೆ ಹಕ್ಕಿಗೆ ಮರೆಯಿರುವುದಿಲ್ಲ, ಆದ್ದರಿಂದ ಹೊಸಬರಿಗೆ ಇದಕ್ಕಿಂತ ಅನುಕೂಲದ ಕಾಲ ಇನ್ನೊಂದಿಲ್ಲ. ಹೂವಿನ ರಸಕ್ಕೆ ಸೂರಕ್ಕಿಗಳಷ್ಟೇ ಬರುತ್ತವೆಂದು ತಿಳಿಯಬೇಡಿ. ಹುಳು ಹಿಡಿದು ಬದುಕುವ ಕಾಜಾಣ, ಏನು ಸಿಕ್ಕರೂ ತಿನ್ನುವ ಗೊರವಂಕ, ಹಣ್ಣು ತಿನ್ನುವ ಪಿಕಳಾರ, ಗಿಳಿ, ಎಲೆಹಕ್ಕಿ, ಎಲ್ಲವೂ ಹಾಲುವಾಣದ ಹೂವಿಗೆ ಕೊಕ್ಕು ಹಾಕುತ್ತವೆ. ಒಂದು ಹೂಬಿಟ್ಟ ಹಾಲುವಾಣದ ಕೆಳಗೆ ಅರ್ಧ ಗಂಟೆ ನಿಂತರೆ ಸಿಗುವ ಹಕ್ಕಿಗಳಿಗಾಗಿ ಬೇರೆ ಕಾಲದಲ್ಲಿ ಇಡೀ ತೋಟ ಸುತ್ತಬೇಕಾಗುತ್ತದೆ.

ಇದೇ ಅವಧಿಯಲ್ಲಿ ಚಳಿಗಾಲದ ಅತಿಥಿಗಳು ಇನ್ನೂ ಇಲ್ಲೇ ಇರುತ್ತವೆ. ಅಂಗಳದಲ್ಲಿ, ನೀರು ಹರಿಯುವ ಚರಂಡಿಯ ಬದಿಯಲ್ಲಿ ಬಾಲ ಆಡಿಸುತ್ತಾ ಓಡಾಡುವ ಬೂದು ಸಿಪಿಲೆ, ಮರದ ತುದಿಯಲ್ಲಿ ಎಲೆಯಿಂದ ಎಲೆಗೆ ಹಾರುತ್ತಾ ಚುರುಕಾಗಿ ಕೂಗುವ ಹಸಿರು ಬಣ್ಣದ ಪುಟ್ಟ ಉಲಿಯಕ್ಕಿ, ಕಾಫಿ ಗಿಡದ ಕೆಳಗಿನ ತರಗೆಲೆ ಕೆದಕುವ ನವರಂಗ ಮುಂತಾದವು ಏಪ್ರಿಲ್‌ನಲ್ಲಿ ಒಂದೊಂದಾಗಿ ಕಾಣೆಯಾಗುತ್ತವೆ. ಉಲಿಯಕ್ಕಿ ಮತ್ತು ಸಿಪಿಲೆ ಹಿಮಾಲಯಕ್ಕೆ, ಅದರಾಚೆಗಿನ ನಾಡುಗಳಿಗೆ ಹೋಗುತ್ತವೆ. ನವರಂಗಗಳಲ್ಲಿ ಹೆಚ್ಚಿನವು ಮಧ್ಯ ಮತ್ತು ಉತ್ತರ ಭಾರತದ ಕಡೆಗೆ ಮರಿ ಮಾಡಲು ತೆರಳುತ್ತವೆ. ಹೊಸ ಹಕ್ಕಿ ಬಂದ ದಿನವನ್ನು ಎಲ್ಲರೂ ಗಮನಿಸುತ್ತಾರೆ. ಆದರೆ ಇದ್ದ ಹಕ್ಕಿ ಕೊನೆಯ ಬಾರಿ ಕಂಡ ದಿನ ಯಾವುದೆಂದು ಹೇಳಬೇಕಾದರೆ ಪ್ರತಿದಿನ ನೋಡಿ ಬರೆದಿಟ್ಟವರಿಗೆ ಮಾತ್ರ ಸಾಧ್ಯ. ಹಿತ್ತಲಿನ ವೀಕ್ಷಕನಿಗೆ ಕಾಡಿಗೆ ಹೋಗಿಬರುವವನಿಗಿಂತ ಹೆಚ್ಚಿನ ಬಲವಿರುವುದು ಇಲ್ಲಿಯೇ.

ಏಪ್ರಿಲ್ ಗೂಡಿನ ತಿಂಗಳು, ಮೇ ಮರಿಗಳ ತಿಂಗಳು ಎಂದು ಸ್ಥೂಲವಾಗಿ ಹೇಳಬಹುದಾದರೂ ಎಲ್ಲ ಹಕ್ಕಿಗಳೂ ಈ ಲೆಕ್ಕಕ್ಕೆ ಸಿಗುವುದಿಲ್ಲ. ಪಿಕಳಾರ ಅದಕ್ಕೂ ಮೊದಲೇ ಗೂಡು ಕಟ್ಟಲು ತೊಡಗಿರುತ್ತದೆ, ಗೀಜಗ ಮುಂಗಾರನ್ನು ಕಾಯುತ್ತದೆ. ಭರಣಿ, ಕೃತ್ತಿಕಾ ಮಳೆಗಳು ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಹುಳುಗಳು ನೆಲದಿಂದ ಏಳುತ್ತವೆ. ಆ ಹೊತ್ತಿನಲ್ಲಿ ಮನೆಯೊಳಗೆ ಕೂರಬೇಡಿ. ಕಾಜಾಣ, ಗೊರವಂಕ, ಪಿಕಳಾರ, ಮಡಿವಾಳ, ಮೇಲೆ ಗಿಡುಗ, ಹೀಗೆ ದಿನವಿಡೀ ಬೇರೆ ಬೇರೆ ಎತ್ತರದಲ್ಲಿ ಬೇರೆ ಬೇರೆ ಆಹಾರ ಹುಡುಕುವ ಹಕ್ಕಿಗಳು ಒಂದೇ ಊಟಕ್ಕೆ ಸೇರುವುದನ್ನು ಅಂಗಳದಲ್ಲೇ ನಿಂತು ನೋಡಬಹುದು.

ಹಂತ 2: ಕೂರುವ ಜಾಗ ಮತ್ತು ಹೊತ್ತು

ನಮ್ಮ ಸೀಮೆಯಲ್ಲಿ ಮಾರ್ಚ್ ಮೂರನೆಯ ವಾರದಲ್ಲಿ ಸುಮಾರು ಆರೂವರೆಗೆ, ಮೇ ಮಧ್ಯದಲ್ಲಿ ಸುಮಾರು ಆರು ಗಂಟೆಗೆ ಸೂರ್ಯ ಹುಟ್ಟುತ್ತಾನೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಕಿವಿಗೆ ಕೆಲಸ, ನಂತರದ ಒಂದೂವರೆ ಗಂಟೆ ಕಣ್ಣಿಗೆ ಕೆಲಸ. ಹತ್ತು ಗಂಟೆಯ ಮೇಲೆ ಬಿಸಿಲೇರಿದಂತೆ ಹಕ್ಕಿಗಳು ನೆರಳು ಸೇರುತ್ತವೆ, ಮತ್ತೆ ಸಂಜೆ ನಾಲ್ಕರ ನಂತರ ಚಟುವಟಿಕೆ ಶುರುವಾಗುತ್ತದೆ.

ಕೂರುವ ಜಾಗ ಬೆಳಿಗ್ಗೆ ಸೂರ್ಯನಿಗೆ ಬೆನ್ನು ಕೊಡುವಂತಿರಲಿ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಗಳೂ ಕಪ್ಪಾಗಿಯೇ ಕಾಣುತ್ತವೆ, ಸೂರಕ್ಕಿಯ ಹೊಳಪಂತೂ ಬೆಳಕಿನ ಕೋನದ ಮೇಲೆಯೇ ನಿಂತಿದೆ. ಹಿತ್ತಿಲ ಬಾಗಿಲ ಮೆಟ್ಟಿಲು, ಕೊಟ್ಟಿಗೆಯ ಕಟ್ಟೆ, ಬಚ್ಚಲಿನ ಪಕ್ಕದ ಗೋಡೆ, ಹೀಗೆ ಮನೆಯವರು ದಿನವೂ ಓಡಾಡುವ ಜಾಗವೇ ಉತ್ತಮ, ಏಕೆಂದರೆ ಅಲ್ಲಿಯ ಮನುಷ್ಯರು ಹಕ್ಕಿಗಳಿಗೆ ಈಗಾಗಲೇ ಪರಿಚಿತರು. ಎರಡು ಬಗೆಯ ಆವರಣ ಕೂಡುವ ಅಂಚನ್ನು ಆರಿಸಿಕೊಳ್ಳಿ: ಹಿತ್ತಲು ಮತ್ತು ತೋಟ, ಬೇಲಿ ಮತ್ತು ಗದ್ದೆ, ಅಂಗಳ ಮತ್ತು ಬಾಳೆಯ ಮೆಳೆ. ಬರೀ ಕಾಡಿನಲ್ಲಾಗಲಿ ಬರೀ ಬಯಲಿನಲ್ಲಾಗಲಿ ಸಿಗದಷ್ಟು ಬಗೆಯ ಹಕ್ಕಿಗಳು ಇಂಥ ಅಂಚಿನಲ್ಲಿ ಸಿಗುತ್ತವೆ. ಕೂತ ಮೊದಲ ಹತ್ತು ನಿಮಿಷ ಏನೂ ಕಾಣದಿದ್ದರೆ ಎದ್ದು ಹೋಗಬೇಡಿ. ನಿಮ್ಮ ಬರವಿಗೆ ಸುಮ್ಮನಾದ ಹಕ್ಕಿಗಳು ಮತ್ತೆ ತಮ್ಮ ಕೆಲಸಕ್ಕೆ ಮರಳಲು ಅಷ್ಟು ಸಮಯ ಬೇಕು.

ಹಂತ 3: ದುರ್ಬೀನು

ದುರ್ಬೀನು ಇಲ್ಲದೆಯೂ ಹಿತ್ತಲಿನ ಹಕ್ಕಿಗಳನ್ನು ಕಲಿಯಬಹುದು. ಕೊಳ್ಳುವುದಾದರೆ 8x42 ಎಂದು ಬರೆದದ್ದನ್ನು ಕೊಳ್ಳಿ. 8 ಎಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, 42 ಎಂದರೆ ಮುಂದಿನ ಗಾಜಿನ ಅಗಲ ಎಷ್ಟು ಮಿಲಿಮೀಟರ್ ಎಂಬುದು. ಹೆಚ್ಚು ಪಟ್ಟು ಎಂದರೆ ಹೆಚ್ಚು ಒಳ್ಳೆಯದು ಎಂದು ಅಂಗಡಿಯವರು ಹೇಳುವುದುಂಟು. ಆದರೆ ಪಟ್ಟು ಹೆಚ್ಚಿದಂತೆ ಕೈನಡುಕವೂ ಹೆಚ್ಚಾಗಿ ಕಾಣುತ್ತದೆ, ನೋಟದ ಅಗಲವೂ ಸಾಮಾನ್ಯವಾಗಿ ಕಿರಿದಾಗುತ್ತದೆ, ತೋಟದ ನೆರಳಿನಲ್ಲಿ ಬೆಳಕೂ ಸಾಲದೆ ಹೋಗುತ್ತದೆ.

ಅದನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳುವುದು ಬಹಳ ಮುಖ್ಯ, ಬಹಳ ಮಂದಿ ಮಾಡದೆ ಬಿಡುವ ಕೆಲಸವೂ ಅದೇ. ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ದೂರದ ಒಂದು ಬೋರ್ಡನ್ನೋ ಕೊಂಬೆಯನ್ನೋ ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಡೆಯ ಕಣ್ಣಿನ ಬಳಿಯಿರುವ ಉಂಗುರವನ್ನಷ್ಟೇ ತಿರುಗಿಸಿ ಅದೇ ವಸ್ತುವನ್ನು ಸ್ಪಷ್ಟ ಮಾಡಿಕೊಳ್ಳಿ. ಇದು ಒಮ್ಮೆ ಆದರೆ ಮುಂದೆ ನಡುವಿನ ಚಕ್ರ ಮಾತ್ರ ಸಾಕು. ಹಕ್ಕಿ ಕಂಡಾಗ ಕಣ್ಣನ್ನು ಅದರ ಮೇಲಿಂದ ತೆಗೆಯದೆ ದುರ್ಬೀನನ್ನು ಕಣ್ಣಿಗೆ ತರಬೇಕು, ದುರ್ಬೀನಿನಲ್ಲಿ ಹಕ್ಕಿಯನ್ನು ಹುಡುಕಬಾರದು.

ಹಂತ 4: ನೀರು ಇಡುವುದು, ಗಿಡ ನೆಡುವುದು

ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಹಕ್ಕಿಗಳನ್ನು ಹತ್ತಿರಕ್ಕೆ ತರುವುದು ಆಹಾರಕ್ಕಿಂತ ಹೆಚ್ಚಾಗಿ ನೀರು. ರೊಬಸ್ಟಾ ತೋಟಗಳಲ್ಲಿ ಹೂವಿಗಾಗಿ ಸ್ಪ್ರಿಂಕ್ಲರ್ ಬಿಟ್ಟ ದಿನ ಎಷ್ಟು ಹಕ್ಕಿಗಳು ಒದ್ದೆ ಎಲೆಗಳಿಗೆ ಮೈ ಉಜ್ಜಿ ಸ್ನಾನ ಮಾಡುತ್ತವೆಂಬುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಗಲವಾದ, ಎರಡು ಬೆರಳಿಗಿಂತ ಆಳವಿಲ್ಲದ ಮಣ್ಣಿನ ತಟ್ಟೆ ಸಾಕು. ಒಳಮೈ ಒರಟಾಗಿರಬೇಕು, ಜಾರುವ ಸ್ಟೀಲು, ಪ್ಲಾಸ್ಟಿಕ್ಕಿನಲ್ಲಿ ಹಕ್ಕಿಗೆ ಕಾಲು ನಿಲ್ಲುವುದಿಲ್ಲ. ನಡುವೆ ಒಂದು ಚಪ್ಪಟೆ ಕಲ್ಲಿಡಿ, ಚಿಕ್ಕ ಹಕ್ಕಿಗಳು ಅದರ ಮೇಲೆ ಕೂತು ಕುಡಿಯುತ್ತವೆ, ಜೇನುಹುಳುಗಳು ಬಿದ್ದರೆ ಹತ್ತಿ ಬರುತ್ತವೆ. ತಟ್ಟೆಯನ್ನು ಪೊದೆಯಿಂದ ಎರಡು ಮೂರು ಮೀಟರ್ ದೂರದಲ್ಲಿಡಿ. ತೀರ ಪಕ್ಕದಲ್ಲಿಟ್ಟರೆ ಬೆಕ್ಕು ಹೊಂಚು ಹಾಕಲು ಅನುಕೂಲ, ತೀರ ಬಯಲಿನಲ್ಲಿಟ್ಟರೆ ಹಕ್ಕಿಗೆ ಒದ್ದೆ ರೆಕ್ಕೆಯಲ್ಲಿ ಹಾರಿ ಸೇರಲು ಆಸರೆಯಿಲ್ಲ. ನೀರನ್ನು ದಿನವೂ ಚೆಲ್ಲಿ, ತಟ್ಟೆಯನ್ನು ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ತುಂಬಿ. ಬೆಚ್ಚಗಿನ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ, ಆದ್ದರಿಂದ ದಿನವೂ ಬದಲಿಸುವ ನೀರಿನಲ್ಲಿ ಸೊಳ್ಳೆಯ ಭಯವಿಲ್ಲ. ಸೋಪಿನ ಪುಡಿ ಬೇಡ. ತಟ್ಟೆಯ ಮೇಲೆ ಒಂದು ಹಳೆಯ ಕೊಡವನ್ನು ತೂಗುಹಾಕಿ, ತಳಕ್ಕೆ ಸಣ್ಣ ತೂತು ಮಾಡಿ ಹನಿ ಬೀಳುವಂತೆ ಮಾಡಿದರೆ ಆ ಹನಿಯ ಸದ್ದಿಗೆ ತೋಟದೊಳಗಿನ ಹಕ್ಕಿಗಳೂ ಬರುತ್ತವೆ.

ಆಹಾರದ ವಿಷಯದಲ್ಲಿ ನಾನು ಸಂಯಮದ ಪಕ್ಷ. ಸ್ವಲ್ಪ ನುಚ್ಚಕ್ಕಿ, ರಾಗಿ, ಕಳಿತ ಬಾಳೆಹಣ್ಣಿನ ತುಂಡು ಇಡಬಹುದು, ಉಪ್ಪು, ಎಣ್ಣೆ ತಾಗಿದ್ದು, ಬ್ರೆಡ್ಡು, ಬೇಕರಿ ತಿನಿಸು ಬೇಡ. ಮಲೆನಾಡಿನಲ್ಲಿ ಹಣ್ಣಿಟ್ಟ ಎರಡನೆಯ ದಿನಕ್ಕೆ ಮಂಗಗಳು ಬರುತ್ತವೆ, ಕಾಳು ಉಳಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಅದಕ್ಕಿಂತ ಗಿಡ ನೆಡುವುದು ಶಾಶ್ವತವಾದ ಏರ್ಪಾಡು. ಜಾಗವಿದ್ದರೆ ಅತ್ತಿ, ನೇರಳೆ, ಸಂಪಿಗೆ, ಬೇಲಿಗೆ ದಾಸವಾಳ ಮತ್ತು ಕೇಪಳ, ಬಚ್ಚಲ ನೀರು ಹೋಗುವಲ್ಲಿ ಬಾಳೆ ನೆಡಬಹುದು. ಬಾಳೆಯ ಹೂವಿನ ಪಕಳೆ ಬಿಚ್ಚುತ್ತಿದ್ದಂತೆ ಸೂರಕ್ಕಿಗಳು ತಲೆಕೆಳಗಾಗಿ ನೇತುಬಿದ್ದು ರಸ ಹೀರುವುದನ್ನು ಅಡುಗೆಮನೆಯ ಕಿಟಕಿಯಿಂದಲೇ ನೋಡಬಹುದು. ಪೇಟೆಯ ಚಿಕ್ಕ ಸೈಟಿನಲ್ಲಿ ಇರುವವರು ಗಸಗಸೆ ಹಣ್ಣಿನ ಮರ ಒಂದನ್ನು ನೆಟ್ಟರೂ ಪಿಕಳಾರ, ಕುಟುರ, ಬದನಿಕೆ ಹಕ್ಕಿ ತಪ್ಪದೆ ಬರುತ್ತವೆ. ಇದು ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಮರ, ಬೀಜ ಹಕ್ಕಿಗಳಿಂದಲೇ ಹರಡುತ್ತದೆ, ಆದ್ದರಿಂದ ಕಾಡಿನಂಚಿನ ತೋಟಗಳಲ್ಲಿ ನಮ್ಮದೇ ಅತ್ತಿಯನ್ನು ಆರಿಸಿಕೊಳ್ಳುವುದು ಮೇಲು. ಹುಳುವಿಗೆ ಹೊಡೆಯುವ ಔಷಧಿ ಹಿತ್ತಲಲ್ಲಿ ಬೇಡ. ಹೂವಿನ ರಸ ಕುಡಿಯುವ, ಹಣ್ಣು ತಿನ್ನುವ ಹಕ್ಕಿಗಳು ಕೂಡ ಮರಿಗಳಿಗೆ ಕೊಡುವುದು ಬಹುಪಾಲು ಹುಳುಗಳನ್ನೇ.

ಹಂತ 5: ಗುರುತಿಸಲು ಕಲಿಯುವುದು

ಬಣ್ಣದಿಂದ ಶುರು ಮಾಡಬೇಡಿ. ಮೊದಲು ಗಾತ್ರ: ಗುಬ್ಬಚ್ಚಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ, ಅಥವಾ ಇವುಗಳ ನಡುವೆಯೋ. ಎರಡನೆಯದು ಕೊಕ್ಕು: ಕಾಳು ಒಡೆಯುವ ಮೊಂಡು ಕೊಕ್ಕೋ, ಹುಳು ಹೆಕ್ಕುವ ಸಪೂರ ಕೊಕ್ಕೋ, ರಸ ಹೀರುವ ಬಾಗಿದ ಕೊಕ್ಕೋ. ಮೂರನೆಯದು ನಡೆ: ನೆಲದ ಮೇಲೆ ಹೆಜ್ಜೆ ಹಾಕುತ್ತದೆಯೋ ಕುಪ್ಪಳಿಸುತ್ತದೆಯೋ, ಬಾಲ ಎತ್ತುತ್ತದೆಯೋ ಆಡಿಸುತ್ತದೆಯೋ, ಒಂದೇ ಕೊಂಬೆಯಿಂದ ಹಾರಿ ಹುಳು ಹಿಡಿದು ಅಲ್ಲಿಗೇ ಮರಳುತ್ತದೆಯೋ. ಇಷ್ಟನ್ನು ನೋಡಿದ ಮೇಲೆ ಬಣ್ಣಕ್ಕೆ ಬನ್ನಿ.

ಎರಡು ಪಿಕಳಾರಗಳನ್ನೇ ತೆಗೆದುಕೊಳ್ಳಿ. ಎರಡಕ್ಕೂ ಬಾಲದ ಬುಡದ ಕೆಳಗೆ ಕೆಂಪಿದೆ, ಆದ್ದರಿಂದ ಆ ಕೆಂಪು ಗುರುತಿಗೆ ಒದಗುವುದಿಲ್ಲ. ಕೆಮ್ಮೀಸೆ ಪಿಕಳಾರದ ಜುಟ್ಟು ಕಪ್ಪಾಗಿ, ಚೂಪಾಗಿ ಮೇಲಕ್ಕೆ ನಿಂತಿರುತ್ತದೆ, ಬಿಳಿಯ ಕೆನ್ನೆಯ ಮೇಲೆ ಕಣ್ಣಿನ ಹಿಂದೆ ಒಂದು ಕೆಂಪು ಚುಕ್ಕೆಯಿರುತ್ತದೆ. ಇನ್ನೊಂದರ ತಲೆಯೆಲ್ಲ ಕಪ್ಪು, ಜುಟ್ಟು ಮೋಟು, ಹಾರಿದಾಗ ಬಾಲದ ಬುಡದ ಮೇಲ್ಭಾಗ ಬೆಳ್ಳಗೆ ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗೂಡು ಬಿಟ್ಟ ಕೆಮ್ಮೀಸೆ ಮರಿಗಳಿಗೆ ಕೆನ್ನೆಯ ಕೆಂಪು ಇನ್ನೂ ಬಂದಿರುವುದಿಲ್ಲ, ಬಾಲದ ಕೆಳಗೂ ಮಾಸಲು ಕಿತ್ತಳೆಯಷ್ಟೇ ಇರುತ್ತದೆ. ಹೊಸಬರು ಇದನ್ನು ಬೇರೆ ಹಕ್ಕಿಯೆಂದು ಭಾವಿಸುವುದು ಸಹಜ. ಮೂಡಿಗೆರೆಯ ಕಡೆಯ ತೋಟಗಳಲ್ಲಿ ಕೆಮ್ಮೀಸೆಯೇ ಹೆಚ್ಚು, ಕಡೂರಿನ ಬಯಲಿಗೆ ಇಳಿದಂತೆ ಇನ್ನೊಂದು ಹೆಚ್ಚುತ್ತಾ ಹೋಗುತ್ತದೆ. ಒಂದೇ ಜಿಲ್ಲೆಯೊಳಗೆ ಮಳೆ ಬದಲಾದಂತೆ ಹಕ್ಕಿ ಬದಲಾಗುವುದನ್ನು ಈ ಎರಡರಿಂದಲೇ ಕಾಣಬಹುದು.

ಮಡಿವಾಳದಲ್ಲಿ ಗಂಡು ಅಚ್ಚ ಕಪ್ಪು-ಬಿಳುಪು, ಹೆಣ್ಣಿನಲ್ಲಿ ಕಪ್ಪಿನ ಜಾಗದಲ್ಲಿ ಬೂದು. ಬಾಲ ಸದಾ ಮೇಲೆ. ಕೋಗಿಲೆಯಲ್ಲಿ ಕೂಗುವ ಕಪ್ಪು ಹಕ್ಕಿ ಗಂಡು, ಕಣ್ಣು ಕೆಂಪು, ಕಂದು ಮೈಯಲ್ಲಿ ಬಿಳಿ ಚುಕ್ಕೆ ತುಂಬಿದ ಹಕ್ಕಿ ಹೆಣ್ಣು. ಅದು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದರಿಂದ, ಮೇ ತಿಂಗಳಲ್ಲಿ ಕಾಗೆಗಳು ಒಂದು ಬೇರೆ ರೂಪದ ಮರಿಗೆ ತುತ್ತು ಕೊಡುತ್ತಿರುವುದು ಕಂಡರೆ ಸ್ವಲ್ಪ ಹೊತ್ತು ನಿಂತು ನೋಡಿ. ಸೂರಕ್ಕಿಗಳಲ್ಲಿ ಗಂಡನ್ನು ಗುರುತಿಸುವುದು ಸುಲಭ, ಹೆಣ್ಣು ಕಷ್ಟ, ಆದ್ದರಿಂದ ಆರಂಭದಲ್ಲಿ ಹೆಣ್ಣನ್ನು ಅದರ ಜೊತೆಗಿರುವ ಗಂಡಿನಿಂದಲೇ ತಿಳಿಯಿರಿ. ಹೊಟ್ಟೆ ಹಳದಿ, ಕತ್ತು ಊದಾ ಇರುವುದು ಒಂದು, ಮೈಯೆಲ್ಲ ಕಪ್ಪಾಗಿ ಬಿಸಿಲಿಗೆ ನೀಲಿ-ನೇರಳೆ ಹೊಳೆಯುವುದು ಇನ್ನೊಂದು. ತೋಟಗಳ ಕಡೆ ಬೆನ್ನು ಕಡುಗೆಂಪಾಗಿರುವ, ಇನ್ನೂ ಚಿಕ್ಕದಾದ ಮೂರನೆಯದೊಂದಿದೆ, ಅದು ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಹಕ್ಕಿ. ಮಲಬಾರ್ ಬೂದು ಮಂಗಟ್ಟೆ, ಬೂದು-ನೀಲಿ ಮೈಯ ಉದ್ದ ಬಾಲದ ಮಲಬಾರ್ ಗಿಳಿ ಇವೂ ಹಾಗೆಯೇ. ಪ್ರಪಂಚದ ಬೇರೆಲ್ಲೂ ಸಿಗದ ಹಕ್ಕಿಗಳು ನಮ್ಮ ಹಿತ್ತಲಿನ ಅತ್ತಿಯ ಮರಕ್ಕೆ ಬರುತ್ತವೆ ಎಂಬುದನ್ನು ತೋಟದ ಮಕ್ಕಳಿಗೆಲ್ಲ ಹೇಳಿಕೊಡಬೇಕು.

ಹಂತ 6: ಕಿವಿಯಿಂದ ನೋಡುವುದು

ವಸಂತದಲ್ಲಿ ಹಕ್ಕಿ ಹಾಡುವುದು ಎರಡು ಕಾರಣಕ್ಕೆ: ಜೊತೆಯನ್ನು ಕರೆಯಲು, ಮತ್ತು ಈ ಜಾಗ ನನ್ನದು ಎಂದು ಪಕ್ಕದ ಗಂಡಿಗೆ ತಿಳಿಸಲು. ಮಡಿವಾಳ ದಿನವೂ ಅದೇ ಒಣಕೊಂಬೆಯ ತುದಿಯಲ್ಲಿ, ಅದೇ ಲೈಟು ಕಂಬದ ಮೇಲೆ ಕೂತು ಹಾಡುವುದನ್ನು ಗಮನಿಸಿ. ಅಂಥ ಜಾಗಗಳನ್ನು ಕಾಗದದ ಮೇಲೆ ಗುರುತಿಸಿ ಗೆರೆ ಎಳೆದರೆ ಅದರ ಸರಹದ್ದಿನ ನಕ್ಷೆಯೇ ಸಿದ್ಧವಾಗುತ್ತದೆ, ನಿಮ್ಮ ಬೇಲಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದೂ ತಿಳಿಯುತ್ತದೆ.

ಮೊದಲ ವಾರ ಒಂದೇ ದನಿ ಕಲಿಯಿರಿ. ತೋಟದಲ್ಲಿ ದಿನವಿಡೀ ‘ಕುಟ್ರೂ ಕುಟ್ರೂ’ ಎನ್ನುವ ಕುಟುರದಿಂದ ಶುರು ಮಾಡುವುದು ಸರಿ. ಮೈಯೆಲ್ಲ ಹಸಿರು, ತಲೆ ಕಂದು, ಕೆನ್ನೆ ಬಿಳಿ. ದನಿ ಎಲ್ಲೆಡೆ, ಹಕ್ಕಿ ಎಲ್ಲೂ ಕಾಣದು. ಒಂದು ಕೂಗಿದರೆ ಇನ್ನೊಂದು ಉತ್ತರ ಕೊಡುತ್ತದೆ, ಆಮೇಲೆ ಮೂರನೆಯದು ಸೇರುತ್ತದೆ. ಪೇಟೆಯಲ್ಲಿ, ಬಯಲಿನ ಆಲದ ಮರಗಳಲ್ಲಿ ಒಂದೇ ಸಮನೆ ‘ಟುಕ್ ಟುಕ್ ಟುಕ್’ ಎನ್ನುವುದು ಕಂಚುಕುಟಿಗ. ಮಳೆ ಹೆಚ್ಚಿರುವ ತೋಟಗಳಲ್ಲಿ ಅದೇ ಬಗೆಯ ದನಿ ಇನ್ನೂ ವೇಗವಾಗಿ ಕೇಳಿದರೆ ಅದು ಕತ್ತು, ಮುಖ ಕೆಂಪಾಗಿರುವ ಮಲಬಾರ್ ಕುಟುರ. ಹಳ್ಳದ ಬದಿಯ ಮನೆಗಳಲ್ಲಿರುವವರಿಗೆ ಬೆಳಗಿನ ಜಾವ ಮನುಷ್ಯರೇ ಸಿಳ್ಳೆ ಹಾಕಿದಂತೆ ಕೇಳುವ, ರಾಗ ಮುಗಿಯದೆ ಅಲೆಯುವ ದನಿ ಸರಳೆ ಸಿಳ್ಳಾರದ್ದು. ಕಡುನೀಲಿ ಬಣ್ಣದ ಆ ಹಕ್ಕಿ ಬೆಳಕು ಹರಿಯುವ ಮೊದಲೇ ಹಾಡುವುದರಿಂದ ಕಾಣುವುದು ಕಡಿಮೆ.

ದನಿಯಿಂದ ಹೆಸರು ಹೇಳುವ ಮರ್ಲಿನ್ ಎಂಬ ಉಚಿತ ಆ್ಯಪ್ ಇದೆ, ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಅದನ್ನು ರೂಪಿಸಿದೆ. ಅದು ಹೇಳಿದ ಹೆಸರನ್ನು ಸುಳಿವಾಗಿ ತೆಗೆದುಕೊಳ್ಳಿ, ಹಕ್ಕಿಯನ್ನು ಕಣ್ಣಿನಿಂದ ಕಂಡು ಖಚಿತ ಮಾಡಿಕೊಳ್ಳಿ. ಭೀಮರಾಜ ಮತ್ತು ಎಲೆಹಕ್ಕಿ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುತ್ತವೆ, ಭೀಮರಾಜ ಒಂದೇ ಕೊಂಬೆಯಲ್ಲಿ ಕೂತು ನಾಲ್ಕಾರು ಹಕ್ಕಿಗಳಂತೆ ಕೂಗಬಲ್ಲದು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಮರಿ ಮಾಡುವ ಕಾಲದಲ್ಲಿ ಮೊಬೈಲಿನಿಂದ ಹಕ್ಕಿಯ ದನಿ ನುಡಿಸಿ ಅದನ್ನು ಕರೆಯಬೇಡಿ. ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಗಂಡು ಹಕ್ಕಿ ಅಲೆಯುತ್ತದೆ, ಆ ಹೊತ್ತು ಗೂಡಿಗೆ, ಮರಿಗೆ, ಆಹಾರಕ್ಕೆ ಸಲ್ಲಬೇಕಾದದ್ದು.

ಹಂತ 7: ಗೂಡನ್ನು ದೂರದಿಂದ ನೋಡುವುದು

ಗೂಡನ್ನು ಹುಡುಕಬೇಡಿ, ಹಕ್ಕಿಯನ್ನು ನೋಡುತ್ತಿದ್ದರೆ ಗೂಡಿನ ಸುದ್ದಿ ತಾನಾಗಿ ಬರುತ್ತದೆ. ಕೊಕ್ಕಿನಲ್ಲಿ ನಾರು ಹಿಡಿದ ಹಕ್ಕಿ ಕಟ್ಟುತ್ತಿದೆ, ಹುಳು ಹಿಡಿದು ನುಂಗದೆ ಹಾರುವ ಹಕ್ಕಿ ಮರಿಗೆ ಉಣಿಸುತ್ತಿದೆ, ಗೂಡಿನಿಂದ ಬಿಳಿಯ ಚೀಲದಂಥದ್ದನ್ನು ಹೊತ್ತು ಹೋಗುವ ಹಕ್ಕಿ ಮರಿಯ ಹಿಕ್ಕೆಯನ್ನು ದೂರ ಎಸೆಯುತ್ತಿದೆ.

ಹಳದಿ ಹೊಟ್ಟೆಯ ಸೂರಕ್ಕಿ ಮನೆಯ ಪಕ್ಕದಲ್ಲೇ, ಬಟ್ಟೆ ಒಣಗಿಸುವ ತಂತಿಗೆ, ತೂಗುಬಿದ್ದ ಬಳ್ಳಿಯ ತುದಿಗೆ ಗೂಡು ನೇತುಹಾಕುತ್ತದೆ. ಕಟ್ಟುವ ಕೆಲಸ ಹೆಣ್ಣಿನದು, ಗಂಡು ಜೊತೆಗೆ ಹಾರಾಡುತ್ತಾ ಕೂಗುತ್ತಿರುತ್ತದೆ. ಹೆಣ್ಣು ಸೂರಿನ ಮೂಲೆಯ ಜೇಡರ ಬಲೆಯ ಮುಂದೆ ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಲ್ಲುತ್ತದೆ, ಕೊಕ್ಕಿನ ತುದಿಯಿಂದ ಎಳೆಯನ್ನು ಎಳೆದು, ಮತ್ತೆ ಎಳೆದು, ಬಲೆಯ ಒಂದು ಉಂಡೆ ಕೊಕ್ಕಿಗೆ ಅಂಟಿಕೊಂಡ ಮೇಲೆ ತಂತಿಗೆ ಮರಳುತ್ತದೆ. ಅಲ್ಲಿ ಆ ಎಳೆಯನ್ನು ನಾರಿನ ಮೇಲೆ ಒತ್ತಿ, ಆಚೆ ಬದಿಗೆ ಹೊರಳಿ, ಇನ್ನೊಂದು ತುದಿಯನ್ನು ಹಿಡಿದು ಸುತ್ತುತ್ತದೆ. ಒಳಗೆ ಕೂತು ಎದೆಯಿಂದ ಒತ್ತಿ ಒತ್ತಿ ಹೊಟ್ಟೆಯ ಭಾಗವನ್ನು ದುಂಡಗೆ ಮಾಡುತ್ತದೆ. ಹೊರಮೈಗೆ ತೊಗಟೆಯ ಚೂರು, ಕಲ್ಲುಹೂವು, ಕಂಬಳಿಹುಳದ ಹಿಕ್ಕೆ ಅಂಟಿಸಿ, ಬಾಗಿಲ ಮೇಲೆ ಪುಟ್ಟ ಸೂರನ್ನೂ ಇಳಿಸುತ್ತದೆ. ಮುಗಿದ ಗೂಡು ನೋಡುವವರಿಗೆ ಗಾಳಿಗೆ ಸಿಕ್ಕಿಬಿದ್ದ ಕಸದ ಮುದ್ದೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಎರಡು ವಾರದ ಸುಮಾರಿಗೆ ಮರಿ. ಆದ್ದರಿಂದ ಈ ತಿಂಗಳುಗಳಲ್ಲಿ ಸೂರಿನ ಜೇಡರ ಬಲೆಯನ್ನೆಲ್ಲ ಹೊಡೆಯದೆ ಒಂದು ಮೂಲೆಯದ್ದನ್ನಾದರೂ ಉಳಿಸಿ. ಟುವ್ವಿ ಹಕ್ಕಿಯೂ ಎಲೆಯ ಅಂಚು ಹೊಲಿಯಲು ಅದೇ ಎಳೆಯನ್ನೂ ಹತ್ತಿಯನ್ನೂ ಬಳಸುತ್ತದೆ.

ಗೂಡಿನಿಂದ ಹತ್ತು ಮೀಟರಾದರೂ ದೂರವಿರಿ. ಹಕ್ಕಿ ಕೊಕ್ಕಿನಲ್ಲಿ ಹುಳು ಹಿಡಿದುಕೊಂಡೇ ಒಳಗೆ ಹೋಗದೆ ಪಕ್ಕದ ಕೊಂಬೆಯಲ್ಲಿ ಕೂಗುತ್ತಿದ್ದರೆ ನೀವು ಹತ್ತಿರವಾಗಿದ್ದೀರಿ ಎಂದೇ ಅರ್ಥ, ಹಿಂದೆ ಸರಿಯಿರಿ. ಎಲೆ ಸರಿಸಿ ಫೋಟೋ ತೆಗೆಯುವುದಂತೂ ಕೂಡದು. ಸರಿಸಿದ ಎಲೆ ಮತ್ತೆ ಮೊದಲಿನಂತೆ ಮರೆಯಾಗುವುದಿಲ್ಲ, ಕಾಗೆ, ಕೆಂಬೂತ, ಮಟಪಕ್ಷಿ, ಕೇರೆಹಾವು, ಮಂಗ ಇವೆಲ್ಲವೂ ಆ ಸಂದಿಗಾಗಿಯೇ ಕಾಯುತ್ತಿರುತ್ತವೆ. ಹಕ್ಕಿಯನ್ನು ಹಿಡಿಯುವುದು, ಮೊಟ್ಟೆ ತೆಗೆಯುವುದು, ಗಿಳಿಮರಿಯನ್ನು ಪಂಜರದಲ್ಲಿ ಸಾಕುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ.

ತೋಟದವರಿಗೆ ವಿಶೇಷವಾಗಿ ಹೇಳಬೇಕಾದದ್ದು ಮರಗಸಿಯ ವಿಷಯ. ಮಳೆಗಾಲಕ್ಕೆ ಮೊದಲು ನೆರಳು ಬಿಡಿಸುವ ಈ ಕೆಲಸ ಬರುವುದು ಸರಿಯಾಗಿ ಗೂಡಿನ ಕಾಲದಲ್ಲೇ. ಹಾಲುವಾಣದ ಮೆದುವಾದ, ಒಣಗಿದ ಕೊಂಬೆಗಳಲ್ಲಿ ಕುಟುರ ಮತ್ತು ಮರಕುಟಿಗ ಪೊಟರೆ ಕೊರೆದಿರುತ್ತವೆ. ಅವು ಬಿಟ್ಟ ಹಳೆಯ ಪೊಟರೆಗಳಲ್ಲಿ ಮಡಿವಾಳ, ಗೊರವಂಕ, ಗಿಳಿಗಳು ಸೇರಿಕೊಳ್ಳುತ್ತವೆ, ಏಕೆಂದರೆ ಇವುಗಳಿಗೆ ಮರ ಕೊರೆಯಲು ಬಾರದು. ಮಂಗಟ್ಟೆಯ ವಿಷಯ ಇನ್ನೂ ಸೂಕ್ಷ್ಮ: ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಂಡು, ಒಂದು ಸಣ್ಣ ಸಂದಿಯಿಂದ ಗಂಡು ತಂದುಕೊಡುವ ಹಣ್ಣಿನ ಮೇಲೆ ಬದುಕುತ್ತದೆ. ಆ ಮರ ಬಿದ್ದರೆ ಹೆಣ್ಣು, ಮರಿ ಎರಡೂ ಹೋದಂತೆ. ಕೆಲಸ ಶುರುವಾಗುವ ಒಂದು ವಾರ ಮೊದಲು ಬೆಳಿಗ್ಗೆ ತೋಟ ಸುತ್ತಿ, ಹಕ್ಕಿ ಹೊಕ್ಕು ಹೊರಡುವ ಪೊಟರೆಯಿರುವ ಮರಗಳಿಗೆ ಬಣ್ಣದ ಬಟ್ಟೆ ಕಟ್ಟಿ, ಆ ಮರಗಳನ್ನು ಕೊನೆಗೆ ಉಳಿಸುವಂತೆ ಮೇಸ್ತ್ರಿಗೂ ಮರ ಹತ್ತುವವರಿಗೂ ಹೇಳಿ. ಮರ ಹತ್ತುವವರಿಗೆ ಯಾವ ಕೊಂಬೆಯಲ್ಲಿ ಏನಿದೆ ಎಂಬುದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಕೇಳಿದರೆ ಸಂತೋಷದಿಂದ ತೋರಿಸುತ್ತಾರೆ.

ಹಂತ 8: ಮರಿ ನೆಲದಲ್ಲಿ ಸಿಕ್ಕರೆ

ಮೇ ತಿಂಗಳಲ್ಲಿ ಇದು ಪ್ರತಿ ಮನೆಯ ಪ್ರಶ್ನೆ. ಮರಿಗೆ ಪುಕ್ಕ ಬಂದಿದ್ದು, ಬಾಲ ಮೋಟಾಗಿದ್ದು, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ತಂದೆತಾಯಿ ಪಕ್ಕದಲ್ಲೇ ಇರುತ್ತವೆ. ಬೆಕ್ಕು, ನಾಯಿಯ ಭಯವಿದ್ದರೆ ಮಾತ್ರ ಎತ್ತಿ ಹತ್ತಿರದ ಪೊದೆಯ ಮೇಲೆ ಕೂರಿಸಿ ದೂರ ಬನ್ನಿ. ಪುಕ್ಕವಿಲ್ಲದ ಮರಿಯಾದರೆ ಗೂಡು ಹುಡುಕಿ ಮರಳಿ ಇಡಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆ ನಿಜವಲ್ಲ. ಬಾಯಿಗೆ ನೀರು, ಹಾಲು, ಅನ್ನ ಹಾಕಬೇಡಿ, ಬಲವಂತವಾಗಿ ಹಾಕಿದ ನೀರು ಉಸಿರುನಾಳಕ್ಕೆ ಹೋಗಿ ಮರಿ ಸಾಯುತ್ತದೆ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಯವರಿಗೋ ಪಶುವೈದ್ಯರಿಗೋ ತಿಳಿಸಿ.

ಹಂತ 9: ಬರೆದಿಡುವುದು

ನೂರು ಪುಟದ ಒಂದು ನೋಟ್‌ಪುಸ್ತಕ ಸಾಕು. ದಿನಾಂಕ, ಹೊತ್ತು, ಎಷ್ಟು ನಿಮಿಷ ನೋಡಿದಿರಿ, ಮೋಡವೋ ಬಿಸಿಲೋ, ಯಾವ ಮರ ಹೂವಾಗಿದೆ ಯಾವುದು ಹಣ್ಣಾಗಿದೆ ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ನಂತರ ಹಕ್ಕಿ, ಸಂಖ್ಯೆ, ಅದು ಮಾಡುತ್ತಿದ್ದ ಕೆಲಸ. ಹೆಸರು ತಿಳಿಯದ ಹಕ್ಕಿಗೆ ಹೆಸರು ಊಹಿಸಿ ಬರೆಯಬೇಡಿ, ಕಂಡದ್ದನ್ನು ಬರೆಯಿರಿ. ‘ಗೊರವಂಕಕ್ಕಿಂತ ಚಿಕ್ಕದು, ಬಾಲ ಸೀಳು, ಲೈಟು ತಂತಿಯಿಂದ ಹಾರಿ ಹುಳು ಹಿಡಿದು ಅಲ್ಲಿಗೇ ಬಂದಿತು’ ಎಂಬ ಸಾಲು ಮುಂದೆ ಯಾವಾಗಲಾದರೂ ಹೆಸರನ್ನು ಹೇಳುತ್ತದೆ, ತಪ್ಪು ಹೆಸರು ಏನನ್ನೂ ಹೇಳುವುದಿಲ್ಲ. ರೇಖಾಚಿತ್ರ ಚೆನ್ನಾಗಿ ಬಾರದಿದ್ದರೂ ಬರೆಯಿರಿ. ಬರೆಯಲು ಕೂತಾಗಲೇ ಕಾಲಿನ ಬಣ್ಣ ನೋಡಿಲ್ಲವೆಂಬುದು ತಿಳಿಯುತ್ತದೆ, ಮಾರನೆಯ ದಿನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ನಿಮ್ಮ ಪಟ್ಟಿಯನ್ನು ಎಲ್ಲರ ಬಳಕೆಗೆ ಕೊಡಲು ಬಯಸಿದರೆ, 2002ರಿಂದ ನಡೆಯುತ್ತಿರುವ ಇ-ಬರ್ಡ್ ಜಾಲತಾಣಕ್ಕೆ ಮೊಬೈಲಿನಿಂದಲೇ ಸೇರಿಸಬಹುದು. ಅಲ್ಲಿ ಮುಖ್ಯವಾದದ್ದು ಪೂರ್ಣ ಪಟ್ಟಿ: ಹದಿನೈದು ನಿಮಿಷವಾದರೂ ಕೂತು, ಕಂಡ ಮತ್ತು ಕೇಳಿದ, ನಿಮಗೆ ಗುರುತು ಸಿಕ್ಕ ಎಲ್ಲ ಹಕ್ಕಿಗಳನ್ನೂ ಬರೆಯಬೇಕು, ಕಾಗೆ, ಗೊರವಂಕಗಳನ್ನು ಬಿಡಬಾರದು. ಎಲ್ಲರೂ ಅಪರೂಪದ ಹಕ್ಕಿಯನ್ನೇ ಬರೆದರೆ ಸಾಮಾನ್ಯ ಹಕ್ಕಿ ಕಡಿಮೆಯಾಗುತ್ತಿರುವುದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆಯಲ್ಲಿ ಭಾರತದವರು 2013ರಿಂದ ಭಾಗವಹಿಸುತ್ತಿದ್ದಾರೆ, ಮೇ ತಿಂಗಳಲ್ಲಿ ಒಂದು ದಿನ ಜಗತ್ತಿನಾದ್ಯಂತ ಎಣಿಕೆ ನಡೆಯುತ್ತದೆ. ಫೆಬ್ರವರಿಯ ಪಟ್ಟಿಯನ್ನೂ ಮೇ ಪಟ್ಟಿಯನ್ನೂ ಒಂದೇ ಮೆಟ್ಟಿಲ ಮೇಲೆ ಕೂತು ಮಾಡಿ, ಪಕ್ಕಪಕ್ಕದಲ್ಲಿಟ್ಟು ಓದಿ: ಹೊರಟುಹೋದ ಹಕ್ಕಿಗಳು, ಹೊಸದಾಗಿ ಕೂಗಲು ತೊಡಗಿದವು, ಒಂದಿದ್ದದ್ದು ನಾಲ್ಕಾದವು ಎಲ್ಲವೂ ಅದರಲ್ಲಿ ಇರುತ್ತವೆ. ಗೂಡಿನ ನಿಖರವಾದ ಜಾಗ ಮತ್ತು ಗೂಡಿನ ಫೋಟೋವನ್ನು ಮಾತ್ರ ಎಲ್ಲಿಯೂ ಹಂಚಿಕೊಳ್ಳಬೇಡಿ, ಅದು ನಿಮ್ಮ ನೋಟ್‌ಪುಸ್ತಕದಲ್ಲಿಯೇ ಉಳಿಯಲಿ.